ಕಿರಿದನ್ನು ಹಿರಿದಾಗಿಸುವ ಲೆನ್ಸ್: ಎಷ್ಟು ಪಟ್ಟು? ಎಷ್ಟು ದೂರ?

ಕರಿಬೇವು ಅಥವಾ ನಿಂಬೆ ಗಿಡದ ಎಳೆಯ ಎಲೆಗಳನ್ನು ನಿಧಾನವಾಗಿ ಪರಿಶೀಲಿಸಿದರೆ ಒಮ್ಮೊಮ್ಮೆ ತಿಳಿಹಳದಿ ಬಣ್ಣದ ಪುಟ್ಟ ಮಣಿಯೊಂದು ಎಲೆಗೆ ಅಂಟಿಕೊಂಡಿರುವುದು ಕಾಣುತ್ತದೆ. ಅದು ನಿಂಬೆ ಚಿಟ್ಟೆಯ ಮೊಟ್ಟೆ; ವ್ಯಾಸ ಸುಮಾರು 1 ಮಿ.ಮೀ. ಇದರ ಚಿತ್ರ ತೆಗೆದು ತರಗತಿಯಲ್ಲಿ ತೋರಿಸಬೇಕೆಂದು ಅಧ್ಯಾಪಕರಿಗೆ ಆಸೆಯಾಗುವುದು ಸಹಜ. ಆದರೆ ಸಾಮಾನ್ಯವಾದ 50 ಮಿ.ಮೀ. ಲೆನ್ಸು ಸುಮಾರು 45 ಸೆಂ.ಮೀ.ಗಿಂತ ಹತ್ತಿರದ ವಸ್ತುವನ್ನು ಫೋಕಸ್ ಮಾಡಲಾರದು. ಆ ದೂರದಲ್ಲಿ ಬಿಂಬದ ಗಾತ್ರ ವಸ್ತುವಿನ ಗಾತ್ರದ 0.15ರಷ್ಟು ಮಾತ್ರ. 24 ಮೆಗಾಪಿಕ್ಸೆಲ್‌ನ ಕ್ಯಾಮರಾ ಹಿಡಿದರೂ ಮೊಟ್ಟೆಯ ಅಡ್ಡಗಲಕ್ಕೆ ದಕ್ಕುವುದು ನಲವತ್ತಕ್ಕೂ ಕಡಿಮೆ ಪಿಕ್ಸೆಲ್. ಪರದೆಯ ಮೇಲೆ ಅದು ಒಂದು ಹಳದಿ ಚುಕ್ಕೆ, ಅಷ್ಟೆ.

ಇಲ್ಲಿಂದ ಮ್ಯಾಕ್ರೊ ಲೆನ್ಸಿನ ಹುಡುಕಾಟ ಆರಂಭವಾಗುತ್ತದೆ. "ಶಾಲೆಗೆ ಒಂದು ಮ್ಯಾಕ್ರೊ ಲೆನ್ಸ್ ಕೊಳ್ಳಬೇಕೆಂದಿದ್ದೇವೆ ಸಾರ್, ಯಾವುದು ಒಳ್ಳೆಯದು? ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ?" ಎಂದು ಮಿತ್ರರು ಕೇಳುವುದುಂಟು. ಇಂಥ ಲೆನ್ಸಿನ ಬೆಲೆ ಹತ್ತಾರು ಸಾವಿರ ರೂಪಾಯಿ. ವರ್ಷವಿಡೀ ಪ್ರಯೋಗಾಲಯಕ್ಕೆ ಸಿಗುವ ಅನುದಾನವನ್ನೇ ಅದು ನುಂಗಬಹುದು. ಆದ್ದರಿಂದ ಪ್ರಶ್ನೆಯನ್ನು ಸರಿಯಾಗಿ ಕೇಳುವುದು ಮುಖ್ಯ. 'ಎಷ್ಟು ಪಟ್ಟು' ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು 'ಎಷ್ಟು ದೂರದಿಂದ' ಎಂಬ ಪ್ರಶ್ನೆ. ಏಕೆಂದರೆ ಪಟ್ಟು ಹೆಚ್ಚಿಸುತ್ತ ಹೋದಂತೆ ಒಂದು ಹಂತದ ನಂತರ ನಮ್ಮನ್ನು ತಡೆಯುವುದು ಲೆನ್ಸಲ್ಲ, ಬೆಳಕು. ಅದಕ್ಕೆ ಯಾವ ಅಂಗಡಿಯಲ್ಲೂ ಪರಿಹಾರವಿಲ್ಲ.

'ಒಂದಕ್ಕೆ ಒಂದು' ಎಂದರೇನು?

ಕ್ಯಾಮರಾದೊಳಗಿನ ಸಂವೇದಕ ಫಲಕದ ಮೇಲೆ ಮೂಡುವ ಬಿಂಬದ ಉದ್ದವನ್ನು ವಸ್ತುವಿನ ಉದ್ದದಿಂದ ಭಾಗಿಸಿದರೆ ಬರುವುದೇ ವರ್ಧನೆ. ಮೊಟ್ಟೆ 1 ಮಿ.ಮೀ., ಬಿಂಬವೂ 1 ಮಿ.ಮೀ. ಆದರೆ ವರ್ಧನೆ 1. ಇದನ್ನೇ 1:1 ಎಂದು ಬರೆಯುತ್ತಾರೆ. ಪರದೆಯ ಮೇಲೆ ಅಥವಾ ಕಾಗದದ ಮೇಲೆ ಚಿತ್ರ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಬಹುಪಾಲು ಹವ್ಯಾಸಿಗಳು ಬಳಸುವ ಎಪಿಎಸ್-ಸಿ ಗಾತ್ರದ ಸಂವೇದಕದ ಅಗಲ ಸುಮಾರು 23.5 ಮಿ.ಮೀ. ಹಾಗಾದರೆ 1:1ರಲ್ಲಿ ಅದಕ್ಕೆ ಕಾಣುವ ಲೋಕದ ಅಗಲವೂ 23.5 ಮಿ.ಮೀ. 6000 ಪಿಕ್ಸೆಲ್‌ಗಳನ್ನು ಈ ಅಗಲಕ್ಕೆ ಹಂಚಿದರೆ ನಮ್ಮ ಮೊಟ್ಟೆಗೆ ಸುಮಾರು 255 ಪಿಕ್ಸೆಲ್ ದೊರೆಯುತ್ತದೆ. ಅದರ ದುಂಡನೆಯ ಆಕಾರವನ್ನೂ ಹೊಳಪನ್ನೂ ತರಗತಿಗೆ ತೋರಿಸಲು ಇಷ್ಟು ಸಾಕು.

ಮೊಬೈಲ್ ಫೋನಿನ ಸಂವೇದಕ ಇದಕ್ಕಿಂತ ಬಹಳ ಚಿಕ್ಕದು. ಆದ್ದರಿಂದ 1:1 ತಲುಪದೆಯೂ ಅದು ಇರುವೆಯೊಂದನ್ನು ಚೌಕಟ್ಟಿನ ತುಂಬ ತೋರಿಸಬಲ್ಲದು. ಎರಡು ಸಾಧನಗಳನ್ನು ಹೋಲಿಸುವಾಗ ವರ್ಧನೆಯ ಅಂಕಿಯನ್ನಲ್ಲ, ಚೌಕಟ್ಟಿನಲ್ಲಿ ಎಷ್ಟು ಮಿ.ಮೀ. ಅಗಲದ ಜಾಗ ಹಿಡಿಸುತ್ತದೆ ಎಂಬುದನ್ನು ಹೋಲಿಸಬೇಕು.

ಮ್ಯಾಕ್ರೊ ಎಂಬ ಹೆಸರನ್ನು ತಯಾರಕರು ಬಲು ಉದಾರವಾಗಿ ಬಳಸುತ್ತಾರೆ. ಎಷ್ಟೋ ಜೂಮ್ ಲೆನ್ಸುಗಳ ಮೇಲೆ ಆ ಪದ ಅಚ್ಚಾಗಿರುತ್ತದೆ. ಅಳೆದು ನೋಡಿದರೆ ವರ್ಧನೆ 1:4 ಅಥವಾ 1:3 ಅಷ್ಟೆ. ನಿಜವಾದ ಮ್ಯಾಕ್ರೊ ಲೆನ್ಸು ಹತ್ತಿರದ ವಸ್ತುವಿಗೆಂದೇ ವಿನ್ಯಾಸಗೊಂಡದ್ದು. 35 ಮಿ.ಮೀ. ಕ್ಯಾಮರಾಕ್ಕೆ ಅಂಥ ಮೊದಲ ಲೆನ್ಸಾದ 'ಮಾಕ್ರೊ ಕಿಲಾರ್' ಅನ್ನು ಜರ್ಮನಿಯ ಕಿಲ್‌ಫಿಟ್ ಸಂಸ್ಥೆ 1955ರಲ್ಲಿ ಹೊರತಂದಿತು. ಮರುವರ್ಷವೇ ಜಪಾನಿನ ನಿಕಾನ್ ತನ್ನ 'ಮೈಕ್ರೊ ನಿಕ್ಕೋರ್' ಲೆನ್ಸನ್ನು ಬಿಡುಗಡೆ ಮಾಡಿತು. ಅದರ ಉದ್ದೇಶ ಕೀಟಗಳಾಗಿರಲಿಲ್ಲ. ಗೆರೆಗಳ ಜಟಿಲ ಹೆಣಿಗೆಯಾದ ಜಪಾನೀ ಲಿಪಿಯ ಪುಟಗಳನ್ನು ಮೈಕ್ರೊಫಿಲ್ಮಿಗೆ ಇಳಿಸುವುದಾಗಿತ್ತು. ಇಂದಿಗೂ ಒಳ್ಳೆಯ ಮ್ಯಾಕ್ರೊ ಲೆನ್ಸಿನ ಗುಣ ಇದೇ: ಚಪ್ಪಟೆಯಾದ ಪುಟವನ್ನು ಅಂಚಿನಿಂದ ಅಂಚಿಗೆ ಚಪ್ಪಟೆಯಾಗಿಯೇ, ಗೆರೆ ಬಾಗದಂತೆ ಮೂಡಿಸುವುದು. ನಾಣ್ಯ, ಅಂಚೆಚೀಟಿ, ತಾಳೆಗರಿಗಳ ಚಿತ್ರ ತೆಗೆಯುವವರಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ಗುಣ.

ಮೂತಿಯಿಂದ ವಸ್ತುವಿಗೆ ಎಷ್ಟು ದೂರ?

ಪಿಯುಸಿ ವಿದ್ಯಾರ್ಥಿಗಳು ಆಪ್ಟಿಕಲ್ ಬೆಂಚಿನ ಮೇಲೆ ಪೀನಮಸೂರವನ್ನಿಟ್ಟು ವಸ್ತುದೂರ, ಬಿಂಬದೂರಗಳನ್ನು ಅಳೆಯುವ ಪ್ರಯೋಗವನ್ನು ಮಾಡಿಯೇ ಇರುತ್ತಾರೆ. ಆ ಸೂತ್ರವನ್ನು ಸ್ವಲ್ಪ ತಿರುಗಿಸಿ ಬರೆದರೆ:

ವಸ್ತುದೂರ = ಸಂಗಮದೂರ × (1 + 1/ವರ್ಧನೆ)
ಬಿಂಬದೂರ = ಸಂಗಮದೂರ × (1 + ವರ್ಧನೆ)

ವರ್ಧನೆ 1 ಆದಾಗ ಎರಡೂ ಸಂಗಮದೂರದ ಇಮ್ಮಡಿ. ವಸ್ತುವಿನಿಂದ ಬಿಂಬಕ್ಕೆ ಒಟ್ಟು ಅಂತರ ನಾಲ್ಮಡಿ. ಸಂಗಮದೂರ 50 ಮಿ.ಮೀ. ಇದ್ದರೆ ಒಟ್ಟು 200 ಮಿ.ಮೀ., 100 ಇದ್ದರೆ 400 ಮಿ.ಮೀ. ಅಂದರೆ 60, 100, 180 ಮಿ.ಮೀ.ಗಳ ಮೂರು ಮ್ಯಾಕ್ರೊ ಲೆನ್ಸುಗಳು 1:1ರಲ್ಲಿ ಮೊಟ್ಟೆಯನ್ನು ಒಂದೇ ಗಾತ್ರದಲ್ಲಿ ತೋರಿಸುತ್ತವೆ. ವ್ಯತ್ಯಾಸವಿರುವುದು ನಾವು ಎಷ್ಟು ಹಿಂದೆ ನಿಲ್ಲಬಹುದು ಎಂಬುದರಲ್ಲಿ.

ಇಲ್ಲೊಂದು ತೊಡಕಿದೆ. ತಯಾರಕರು ಪ್ರಕಟಿಸುವ 'ಕನಿಷ್ಠ ಫೋಕಸ್ ದೂರ'ವನ್ನು ಅಳೆಯುವುದು ಲೆನ್ಸಿನ ತುದಿಯಿಂದಲ್ಲ, ಕ್ಯಾಮರಾದೊಳಗಿನ ಸಂವೇದಕದಿಂದ. ಎಷ್ಟೋ ಕ್ಯಾಮರಾಗಳ ಮೇಲ್ಭಾಗದಲ್ಲಿ ಒಂದು ಸೊನ್ನೆಯನ್ನು ಗೆರೆಯೊಂದು ಸೀಳುವಂಥ ಗುರುತಿರುತ್ತದೆ. ಸಂವೇದಕದ ಸ್ಥಾನ ಅದು. ನಮಗೆ ಬೇಕಾದದ್ದು ಲೆನ್ಸಿನ ಮೂತಿಯಿಂದ ವಸ್ತುವಿಗಿರುವ ಅಂತರ. ಇದನ್ನು 'ಮೂತಿಯ ಅಂತರ' ಎಂದು ಕರೆಯೋಣ. ಇದನ್ನು ತಿಳಿಯಲು ಕನಿಷ್ಠ ಫೋಕಸ್ ದೂರದಿಂದ ಲೆನ್ಸಿನ ಉದ್ದವನ್ನೂ, ಲೆನ್ಸು ಕೂಡುವ ಬಳೆಯಿಂದ ಸಂವೇದಕಕ್ಕಿರುವ ದೂರವನ್ನೂ ಕಳೆಯಬೇಕು. ಈ ಎರಡನೆಯ ದೂರ ಕನ್ನಡಿಯಿರುವ ನಿಕಾನ್ ಕ್ಯಾಮರಾಗಳಲ್ಲಿ 46.5 ಮಿ.ಮೀ., ಕ್ಯಾನನ್‌ನಲ್ಲಿ 44 ಮಿ.ಮೀ.; ಕನ್ನಡಿಯಿಲ್ಲದ ಹೊಸ ಕ್ಯಾಮರಾಗಳಲ್ಲಿ ಕ್ರಮವಾಗಿ 16 ಮತ್ತು 20 ಮಿ.ಮೀ.

ಲೆಕ್ಕ ಹಾಕಿ ನೋಡೋಣ. ನಿಕಾನ್‌ನ ಎಎಫ್-ಎಸ್ 60 ಮಿ.ಮೀ. ಲೆನ್ಸಿನ ಕನಿಷ್ಠ ಫೋಕಸ್ ದೂರ 185 ಮಿ.ಮೀ., ಉದ್ದ 89 ಮಿ.ಮೀ. ಮೂತಿಯ ಅಂತರ ಉಳಿಯುವುದು ಬರೇ 50 ಮಿ.ಮೀ. ಅದೇ ಸಂಸ್ಥೆಯ 105 ಮಿ.ಮೀ. ಲೆನ್ಸಿಗೆ ಈ ಅಂಕಿಗಳು 314 ಮತ್ತು 116. ಮೂತಿಯ ಅಂತರ ಸುಮಾರು 150 ಮಿ.ಮೀ. ಕ್ಯಾನನ್‌ನ 180 ಮಿ.ಮೀ. ಲೆನ್ಸಿನಲ್ಲಿ 480 ಮತ್ತು 187. ಮೂತಿಯ ಅಂತರ ಸುಮಾರು 250 ಮಿ.ಮೀ.

ಚುರುಕು ವಿದ್ಯಾರ್ಥಿ ಇಲ್ಲಿ ತಕರಾರು ತೆಗೆಯಬೇಕು. 105 ಮಿ.ಮೀ. ಲೆನ್ಸಿಗೆ ಒಟ್ಟು ಅಂತರ 420 ಮಿ.ಮೀ. ಇರಬೇಕಿತ್ತಲ್ಲವೇ, 314 ಹೇಗಾಯಿತು? ಇದಕ್ಕೆ ಕಾರಣ, ಕ್ಯಾಮರಾದ ಲೆನ್ಸು ಒಂದೇ ಗಾಜಲ್ಲ. ಹತ್ತಾರು ಗಾಜುಗಳ ಸಮೂಹ. ಹತ್ತಿರಕ್ಕೆ ಫೋಕಸ್ ಮಾಡಿದಾಗ ಒಳಗಿನ ಗಾಜುಗಳು ಜಾಗ ಬದಲಿಸುತ್ತವೆ, ಸಂಗಮದೂರವೇ ಕುಗ್ಗುತ್ತದೆ. 314ನ್ನು ನಾಲ್ಕರಿಂದ ಭಾಗಿಸಿದರೆ 78 ಮಿ.ಮೀ.; 1:1ರಲ್ಲಿ ಅದು ಹೆಚ್ಚುಕಡಿಮೆ ಇಷ್ಟು ಸಂಗಮದೂರದ ಲೆನ್ಸಾಗಿ ವರ್ತಿಸುತ್ತದೆ. 180 ಮಿ.ಮೀ. ಲೆನ್ಸು 120ಕ್ಕೆ ಇಳಿಯುತ್ತದೆ. ದಪ್ಪ ಮಸೂರಗಳಲ್ಲಿ ಎರಡು ಪ್ರಧಾನ ಸಮತಲಗಳಿರುವುದರಿಂದ ಈ ಲೆಕ್ಕ ಅಂದಾಜಿನದು. ಆದರೂ ಲೆನ್ಸಿನ ಮೇಲೆ ಬರೆದ ಸಂಗಮದೂರ ಬಹುದೂರದ ವಸ್ತುಗಳಿಗೆ ಮಾತ್ರ ನಿಜ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಲೆನ್ಸಿನ ಹೆಸರನ್ನು ನೋಡಿ ಮೂತಿಯ ಅಂತರವನ್ನು ಊಹಿಸಬಾರದು, ಕಳೆದೇ ನೋಡಬೇಕು.

50 ಮತ್ತು 150 ಮಿ.ಮೀ.ಗಳ ನಡುವಿನ ವ್ಯತ್ಯಾಸವನ್ನು ಚಗಳಿ ಇರುವೆ ಚೆನ್ನಾಗಿ ಕಲಿಸುತ್ತದೆ. ಎಲೆಗಳನ್ನು ಹೆಣೆದು ಮರದ ಮೇಲೆ ಗೂಡು ಕಟ್ಟುವ ಈ ಕೆಂಪಿರುವೆ ಗೂಡಿನ ಹತ್ತಿರ ಬಂದವರನ್ನು ಕಚ್ಚಿ, ಗಾಯಕ್ಕೆ ಫಾರ್ಮಿಕ್ ಆಮ್ಲ ಸಿಂಪಡಿಸುತ್ತದೆ. ಮಲೆನಾಡಿನಲ್ಲಿ ಇದರ ಚಟ್ನಿ ಮಾಡುವವರಿಗೆ ಈ ಸಂಗತಿ ನನಗಿಂತ ಚೆನ್ನಾಗಿ ಗೊತ್ತು. ಐದು ಸೆಂಟಿಮೀಟರಿನಷ್ಟು ಸಮೀಪ ಮೂತಿ ಚಾಚಿದರೆ ಅವು ಲೆನ್ಸಿನ ಮೇಲೆಯೇ ಹರಿದಾಡುತ್ತವೆ. ಕಚ್ಚದ ಜೀವಿಗಳ ಮಟ್ಟಿಗೆ ತೊಂದರೆ ಇನ್ನೊಂದು ಬಗೆಯದು: ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳು ಹಾರಿಹೋಗುತ್ತವೆ. ಕಲ್ಲು, ಬೀಜ, ಮೊಟ್ಟೆಗಳು ಹಾರಿಹೋಗುವುದಿಲ್ಲ ನಿಜ. ಆದರೆ ಲೆನ್ಸಿನ ನೆರಳು ಅವುಗಳ ಮೇಲೆ ಬಿದ್ದು ಬೆಳಕು ಬೀರಲು ಜಾಗವೇ ಉಳಿಯುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಒಂದೇ ಲೆನ್ಸು ಕೊಳ್ಳುವುದಾದರೆ 90ರಿಂದ 105 ಮಿ.ಮೀ. ನಡುವಿನದನ್ನು ಕೊಳ್ಳಿ. ಪುಟಗಳು, ನಾಣ್ಯಗಳು, ಹರ್ಬೇರಿಯಂ ಹಾಳೆಗಳನ್ನಷ್ಟೇ ಸ್ಟ್ಯಾಂಡಿಗೆ ಕ್ಯಾಮರಾ ಕಟ್ಟಿ ತೆಗೆಯುವವರಿಗೆ 50–60 ಸಾಕು, ಅದು ಅಗ್ಗವೂ ಹೌದು. 180 ಅಥವಾ 200 ಮಿ.ಮೀ. ಲೆನ್ಸುಗಳು ಚಿಟ್ಟೆ ಮತ್ತು ಹಾವುಗಳಿಗೆ ಬಲು ಸೊಗಸು. ಆದರೆ ತೂಕ ಒಂದು ಕಿಲೋಗ್ರಾಂ ಆಸುಪಾಸಿನದು, ಟ್ರೈಪಾಡ್ ಇಲ್ಲದೆ ಕೈ ನಡುಗುತ್ತದೆ. ಕೆರೆಯಂಚಿನಲ್ಲಿ ಮಕ್ಕಳ ಗುಂಪನ್ನು ಕಟ್ಟಿಕೊಂಡು ನಡೆಯುವ ಮೇಷ್ಟ್ರಿಗೆ ಅದು ಸಂಗಾತಿಯಾಗುವುದು ಕಷ್ಟ.

ಪಟ್ಟು ಹೆಚ್ಚಿದಂತೆ ಆಳ ಕುಗ್ಗುವುದು

ಈಗ 'ಎಷ್ಟು ಪಟ್ಟು' ಎಂಬ ಪ್ರಶ್ನೆಗೆ ಬರೋಣ. 1:1ನ್ನು ಮೀರುವ ಲೆನ್ಸುಗಳಿವೆ. ಕ್ಯಾನನ್ 2021ರಲ್ಲಿ ತಂದ ಆರ್‌ಎಫ್ 100 ಮಿ.ಮೀ. ಲೆನ್ಸು 1.4 ಪಟ್ಟು ತಲುಪುತ್ತದೆ. 1999ರಲ್ಲಿ ಅದೇ ಸಂಸ್ಥೆ ತಂದ ಎಂಪಿ-ಇ 65 ಮಿ.ಮೀ. ಲೆನ್ಸಂತೂ 1ರಿಂದ 5 ಪಟ್ಟಿನವರೆಗೆ ವರ್ಧಿಸುವುದಕ್ಕಷ್ಟೇ ಮೀಸಲು. ದೂರದ ಬೆಟ್ಟವನ್ನು ಅದು ಫೋಕಸ್ ಮಾಡಲೇ ಆರದು. 5 ಪಟ್ಟಿನಲ್ಲಿ ಅದರ ಮೂತಿಯ ಅಂತರ 41 ಮಿ.ಮೀ.

ಆದರೆ ಕಾಣುವುದೆಲ್ಲ ಸ್ಪಷ್ಟವಾಗಿ ಕಾಣಬೇಕಲ್ಲ! ಲೆನ್ಸು ಒಂದು ಸಮತಲವನ್ನು ಮಾತ್ರ ಕರಾರುವಾಕ್ಕಾಗಿ ಫೋಕಸ್ ಮಾಡುತ್ತದೆ. ಅದರ ಹಿಂದೆ ಮುಂದೆ ಇರುವ ಬಿಂದುಗಳು ಸಂವೇದಕದ ಮೇಲೆ ಸಣ್ಣ ಬಿಲ್ಲೆಗಳಾಗಿ ಹರಡುತ್ತವೆ. ಬಿಲ್ಲೆ ಸಾಕಷ್ಟು ಚಿಕ್ಕದಿದ್ದರೆ ಕಣ್ಣು ಅದನ್ನು ಬಿಂದುವೆಂದೇ ಒಪ್ಪಿಕೊಳ್ಳುತ್ತದೆ. 23.5 ಮಿ.ಮೀ. ಅಗಲದ ಬಿಂಬವನ್ನು ಹತ್ತು ಪಟ್ಟು ಹಿಗ್ಗಿಸಿ ಪುಸ್ತಕದ ಪುಟದಷ್ಟು ಮುದ್ರಿಸಿ 25 ಸೆಂ.ಮೀ. ದೂರದಿಂದ ನೋಡುವಾಗ 0.2 ಮಿ.ಮೀ. ಬಿಲ್ಲೆಯನ್ನು ಸಹಿಸಬಹುದು ಎಂದುಕೊಂಡರೆ, ಸಂವೇದಕದ ಮೇಲೆ ಅದು 0.02 ಮಿ.ಮೀ. ಇದೇ ನಮ್ಮ ಮಸುಕಿನ ಮಿತಿ. ಈ ಮಿತಿಯೊಳಗೆ ಸ್ಪಷ್ಟವಾಗಿ ಕಾಣುವ ವಸ್ತುವಿನ ದಪ್ಪವೇ ಸ್ಪಷ್ಟತೆಯ ಆಳ:

ಆಳ = 2 × ಪರಿಣಾಮಕ ಎಫ್ ಸಂಖ್ಯೆ × ಮಸುಕಿನ ಮಿತಿ ÷ (ವರ್ಧನೆ × ವರ್ಧನೆ)

ಎಫ್ ಸಂಖ್ಯೆ ಎಂದರೆ ಸಂಗಮದೂರವನ್ನು ಅಪರ್ಚರ್ ಎಂಬ ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ. ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು. ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದಾಗ ಬಿಂಬದೂರ ಹೆಚ್ಚುವುದರಿಂದ ಈ ಸಂಖ್ಯೆಯನ್ನು (1 + ವರ್ಧನೆ)ಯಿಂದ ಗುಣಿಸಬೇಕು. ಆಗ ಸಿಗುವುದು ಪರಿಣಾಮಕ ಸಂಖ್ಯೆ. 1:1ರಲ್ಲಿ ಎಫ್/8 ಎಂದು ಇಟ್ಟರೆ ನಿಜಕ್ಕೂ ಅದು ಎಫ್/16, ಬೆಳಕು ನಾಲ್ಕನೆಯ ಒಂದು ಪಾಲು. ಸಂಗಮದೂರ ಕುಗ್ಗುವ ಲೆನ್ಸುಗಳಲ್ಲಿ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ನಿಕಾನ್ ಕ್ಯಾಮರಾಗಳು ತಮ್ಮ ಮ್ಯಾಕ್ರೊ ಲೆನ್ಸುಗಳೊಂದಿಗೆ ಈ ಬದಲಾದ ಸಂಖ್ಯೆಯನ್ನೇ ತೋರಿಸುತ್ತವೆ. ಹತ್ತಿರ ಹೋದಂತೆ ಎಫ್/2.8 ತಾನಾಗಿ ಮಾಯವಾಯಿತೆಂದು ಗಾಬರಿಪಡಬೇಕಿಲ್ಲ.

ಮೇಲಿನ ಸೂತ್ರದಲ್ಲಿ ಸಂಗಮದೂರ ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ. ಉದ್ದದ ಲೆನ್ಸಿನಲ್ಲಿ ಆಳ ಕಡಿಮೆ ಎಂಬ ನಂಬಿಕೆ ಛಾಯಾಗ್ರಾಹಕರಲ್ಲಿ ಬಲವಾಗಿ ಬೇರೂರಿದೆ. ವರ್ಧನೆ ಮತ್ತು ಪರಿಣಾಮಕ ಎಫ್ ಸಂಖ್ಯೆ ಒಂದೇ ಇದ್ದರೆ 60ಕ್ಕೂ 180ಕ್ಕೂ ಆಳ ಒಂದೇ. ಉದ್ದದ ಲೆನ್ಸಿಗೆ ಹಿನ್ನೆಲೆಯ ಕಿರಿದಾದ ತುಣುಕು ಮಾತ್ರ ಕಾಣುವುದರಿಂದ ಅದು ನುಣ್ಣನೆಯ ಬಣ್ಣವಾಗಿ ಕರಗುತ್ತದೆ. ಅದನ್ನೇ ಜನ ಆಳದ ಕೊರತೆ ಎಂದು ತಿಳಿಯುತ್ತಾರೆ.

1:1, ಎಫ್/8ಕ್ಕೆ ಲೆಕ್ಕ ಹಾಕಿದರೆ ಆಳ 0.64 ಮಿ.ಮೀ. ಬರುತ್ತದೆ. ಇದು ಸಾಲದೆಂದು ಕಿಂಡಿಯನ್ನು ಇನ್ನೂ ಕಿರಿದುಗೊಳಿಸಬಹುದಲ್ಲವೇ? ಎಫ್/16ಕ್ಕೆ ಇಟ್ಟರೆ ಆಳ ಇಮ್ಮಡಿಯಾಗುವುದು ನಿಜ. ಇಲ್ಲಿ ಅಡ್ಡಬರುವುದು ಬೆಳಕಿನ ಅಲೆಯ ಸ್ವಭಾವ. ಕಿರಿದಾದ ಕಿಂಡಿಯ ಮೂಲಕ ಹಾಯುವ ಬೆಳಕು ವಿವರ್ತನೆಯಿಂದ ಹರಡುತ್ತದೆ. ಅತ್ಯುತ್ತಮ ಮಸೂರವೂ ಬಿಂದುವನ್ನು ಬಿಂದುವಾಗಿಡದು, ಪುಟ್ಟ ಬಿಲ್ಲೆಯಾಗಿಸುತ್ತದೆ. 1835ರಲ್ಲಿ ಇಂಗ್ಲೆಂಡಿನ ಜಾರ್ಜ್ ಏರಿ ಇದರ ಗಣಿತವನ್ನು ಬಿಡಿಸಿದ. ಏರಿ ಬಿಲ್ಲೆಯ ವ್ಯಾಸ = 2.44 × ಅಲೆಯುದ್ದ × ಪರಿಣಾಮಕ ಎಫ್ ಸಂಖ್ಯೆ. ಹಸಿರು ಬೆಳಕಿನ ಅಲೆಯುದ್ದ 0.00055 ಮಿ.ಮೀ. ಪರಿಣಾಮಕ ಸಂಖ್ಯೆ 15 ಆದಾಗ ಈ ವ್ಯಾಸ ಸರಿಯಾಗಿ ನಮ್ಮ 0.02 ಮಿ.ಮೀ. ಮಿತಿಯನ್ನು ಮುಟ್ಟುತ್ತದೆ. ಅದಕ್ಕಿಂತ ಕಿರಿದುಗೊಳಿಸಿದರೆ ಆಳ ಹೆಚ್ಚುತ್ತದೆ, ಆದರೆ ಇಡೀ ಚಿತ್ರ ಸಮನಾಗಿ ಮಸುಕಾಗುತ್ತದೆ.

15 ಎಂಬ ಈ ಸಂಖ್ಯೆಯನ್ನು ಆಳದ ಸೂತ್ರದಲ್ಲಿಟ್ಟರೆ ಬರುವುದು ಸರಳವಾದೊಂದು ಫಲಿತಾಂಶ: ದಕ್ಕುವ ಆಳ, ಮಿ.ಮೀ.ಗಳಲ್ಲಿ, 0.6 ಭಾಗಿಸು ವರ್ಧನೆಯ ವರ್ಗ. 1 ಪಟ್ಟಿಗೆ 0.6, 2 ಪಟ್ಟಿಗೆ 0.15, 5 ಪಟ್ಟಿಗೆ 0.024 ಮಿ.ಮೀ. ಲೆನ್ಸಿನ ಹೆಸರಾಗಲಿ ಬೆಲೆಯಾಗಲಿ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಎಂಪಿ-ಇ 65ರ ಅತಿ ಅಗಲದ ಕಿಂಡಿ ಎಫ್/2.8, 5 ಪಟ್ಟಿನಲ್ಲಿ ಪರಿಣಾಮಕ ಸಂಖ್ಯೆ ಸುಮಾರು 17. ಅಂದರೆ ಕಿಂಡಿ ಪೂರ್ತಿ ತೆರೆದಾಗಲೇ ಅದು ಬೆಳಕಿನ ಮಿತಿಯನ್ನು ಮುಟ್ಟಿಯಾಗಿದೆ. ಎಂಟು ಹತ್ತು ಮಿ.ಮೀ. ಉದ್ದದ ಜೀವಂತ ಇರುವೆಯನ್ನು 5 ಪಟ್ಟಿನಲ್ಲಿ ಹಿಡಿದರೆ ಕಣ್ಣಿನ ಒಂದು ಗೆರೆ ಮಾತ್ರ ಸ್ಪಷ್ಟ, ಉಳಿದುದೆಲ್ಲ ಮಂಜು. ಆದ್ದರಿಂದ ಚಲಿಸುವ ಜೀವಿಗಳ ಮಟ್ಟಿಗೆ 1:1 ಸಾಕು, ಎಷ್ಟೋ ಸಲ 1:2ವೇ ಚೆನ್ನ. ಹೆಚ್ಚಿನ ಪಟ್ಟಿಗಾಗಿ ಹೆಚ್ಚಿನ ಹಣ ಕೊಡುವ ಮುನ್ನ ಈ ಕೋಷ್ಟಕವನ್ನು ವಿದ್ಯಾರ್ಥಿಗಳಿಂದಲೇ ಮಾಡಿಸಿ.

ಚಲನೆಯನ್ನೂ ಮರೆಯುವಂತಿಲ್ಲ. ಗಾಳಿಗೆ ಎಲೆ ಸೆಕೆಂಡಿಗೆ 1 ಸೆಂ.ಮೀ.ನಷ್ಟು ತೂಗಿದರೂ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ 0.1 ಮಿ.ಮೀ. ಸರಿಯುತ್ತದೆ, 1:1ರಲ್ಲಿ ಅದು ಮಸುಕಿನ ಮಿತಿಯ ಐದು ಪಟ್ಟು. ಶಕ್ತಿ ತಗ್ಗಿಸಿದ ಫ್ಲ್ಯಾಶ್ ಬೆಳಗುವುದು ಸೆಕೆಂಡಿನ ಐದು ಸಾವಿರದ ಒಂದು ಭಾಗ ಅಥವಾ ಇನ್ನೂ ಕಡಿಮೆ ಕಾಲ. ಅಷ್ಟರಲ್ಲಿ ಎಲೆ ಸರಿಯುವುದು 0.002 ಮಿ.ಮೀ. ಮಾತ್ರ. ಮ್ಯಾಕ್ರೊ ಲೆನ್ಸಿಗೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲನ್ನು ಫ್ಲ್ಯಾಶಿಗೂ, ಅದರ ಮುಂದೆ ಹಿಡಿಯುವ ಟ್ರೇಸಿಂಗ್ ಪೇಪರಿಗೂ ತೆಗೆದಿಡಿ. ಕೀಟ ಅಲುಗಾಡದಿರಲೆಂದು ಫ್ರಿಜ್ಜಿನಲ್ಲಿಟ್ಟು ತಣ್ಣಗಾಗಿಸಿ ಚಿತ್ರ ತೆಗೆಯುವವರಿದ್ದಾರೆ. ಮಕ್ಕಳ ಮುಂದೆ ಅಂಥದನ್ನು ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಇರುವ ಲೆನ್ಸಿನಲ್ಲೇ

ಕೊಳ್ಳದೆಯೂ ಕೆಲವು ದಾರಿಗಳಿವೆ. ಲೆನ್ಸಿಗೂ ಕ್ಯಾಮರಾಕ್ಕೂ ನಡುವೆ ಟೊಳ್ಳು ನಳಿಗೆ ಸೇರಿಸಿದರೆ ಬಿಂಬದೂರ ಹೆಚ್ಚುತ್ತದೆ. ವರ್ಧನೆ ಎಂದರೆ ನಳಿಗೆಯ ಉದ್ದ ಭಾಗಿಸು ಸಂಗಮದೂರ, 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ನಳಿಗೆ ಕೊಟ್ಟರೆ 1:2. ಇನ್ನೊಂದು ದಾರಿ, ಉದ್ದದ ಲೆನ್ಸಿನ ಮುಂದೆ ಪೀನಮಸೂರವೊಂದನ್ನು ಫಿಲ್ಟರಿನಂತೆ ತಿರುಚಿ ಕೂರಿಸುವುದು. 200 ಮಿ.ಮೀ. ಜೂಮಿನ ಮುಂದೆ 4 ಡಯಾಪ್ಟರ್, ಅಂದರೆ 250 ಮಿ.ಮೀ. ಸಂಗಮದೂರದ ಮಸೂರವಿಟ್ಟರೆ ವರ್ಧನೆ 200/250, ಅಂದರೆ 0.8. ವಸ್ತು ಆ ಮಸೂರದಿಂದ 250 ಮಿ.ಮೀ. ದೂರದಲ್ಲಿರಬಹುದು, ಬೆಳಕಿನ ನಷ್ಟವೂ ಇಲ್ಲ. ಜೂಮ್ ಲೆನ್ಸು ಆಗಲೇ ಇರುವವರಿಗೆ ಇದಕ್ಕಿಂತ ಉತ್ತಮ ವ್ಯಾಪಾರ ನನಗೆ ಕಾಣುವುದಿಲ್ಲ. ಒಂದೇ ಗಾಜಿನ ಅಗ್ಗದ ಮಸೂರ ಅಂಚುಗಳಲ್ಲಿ ಬಣ್ಣ ಬಿಡುತ್ತದೆ. ಎರಡು ಬಗೆಯ ಗಾಜನ್ನು ಅಂಟಿಸಿದ ವರ್ಣದೋಷರಹಿತ ಮಸೂರವನ್ನೇ ಕೇಳಿ ಪಡೆಯಿರಿ.

ಅದೇ 200 ಮಿ.ಮೀ. ಲೆನ್ಸಿನ ಮುಂದೆ ಹಳೆಯ 50 ಮಿ.ಮೀ. ಲೆನ್ಸನ್ನು ತಿರುಗುಮುರುಗಾಗಿ ಜೋಡಿಸಿದರೆ ವರ್ಧನೆ 200/50, ಅಂದರೆ 4 ಪಟ್ಟು! ಆಗ ವಸ್ತುವಿರಬೇಕಾದದ್ದು ತಲೆಕೆಳಗಾದ ಲೆನ್ಸಿನ ಬಳೆಯಿಂದ 46 ಮಿ.ಮೀ. ಆಸುಪಾಸಿನಲ್ಲಿ, ಅಂದರೆ ಕ್ಯಾಮರಾದಲ್ಲಿ ಸಂವೇದಕವಿರುತ್ತಿದ್ದ ಜಾಗದಲ್ಲೇ. ಬಿಂಬ ಮತ್ತು ವಸ್ತು ಸ್ಥಾನ ಬದಲಿಸಿಕೊಳ್ಳಬಲ್ಲವು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಬೇಕೆ?

4–5 ಪಟ್ಟಿನಲ್ಲಿ ಆಳದ ಕೊರತೆಯನ್ನು ನೀಗಲು ಉಳಿದಿರುವ ದಾರಿ, ಫೋಕಸ್ ಸ್ವಲ್ಪಸ್ವಲ್ಪವೇ ಸರಿಸುತ್ತ ಹಲವು ಚಿತ್ರ ತೆಗೆದು, ಸ್ಪಷ್ಟ ಭಾಗಗಳನ್ನಷ್ಟೇ ಕಂಪ್ಯೂಟರಿನಲ್ಲಿ ಒಂದುಗೂಡಿಸುವುದು. ಅಲುಗಾಡದ ವಸ್ತುಗಳಿಗೆ ಮಾತ್ರ ಇದು ಸಾಧ್ಯ. 1.5 ಮಿ.ಮೀ. ವ್ಯಾಸದ ರಾಗಿಕಾಳಿನ ಕಾಣುವ ಅರ್ಧದ ಆಳ 0.75 ಮಿ.ಮೀ.; 5 ಪಟ್ಟಿನಲ್ಲಿ 0.02 ಮಿ.ಮೀ. ಹೆಜ್ಜೆಯಿಟ್ಟರೆ ಸುಮಾರು 38 ಚಿತ್ರಗಳು ಬೇಕು. ಇಷ್ಟು ಸಣ್ಣ ಹೆಜ್ಜೆಗೆ ದುಬಾರಿ ಯಂತ್ರ ಬೇಕಿಲ್ಲ. ಭೌತಶಾಸ್ತ್ರ ವಿಭಾಗದ ಕಪಾಟಿನಲ್ಲಿರುವ ಟ್ರಾವೆಲಿಂಗ್ ಮೈಕ್ರೊಸ್ಕೋಪಿನ ವರ್ನಿಯರ್ 0.01 ಮಿ.ಮೀ.ವರೆಗೆ ಅಳೆಯುತ್ತದೆ. ಅದರ ಕೊಳವೆಯನ್ನು ಕಳಚಿ, ಸರಿಯುವ ಭಾಗಕ್ಕೆ ಕಾಳನ್ನು ಮೇಣದಿಂದ ಅಂಟಿಸಿ, ಸೂಕ್ಷ್ಮ ತಿರುಪನ್ನು ತಿರುಗಿಸುತ್ತ ಹೋದರಾಯಿತು.

ಲೆನ್ಸು ಕೊಳ್ಳಲು ಹೊರಟಾಗ ಜೇಬಿನಲ್ಲಿ ಅರ್ಧ ಮಿ.ಮೀ. ಗುರುತುಗಳಿರುವ ಸ್ಟೀಲ್ ಸ್ಕೇಲ್ ಇಟ್ಟುಕೊಳ್ಳಿ. ನಿಮ್ಮ ಕ್ಯಾಮರಾಕ್ಕೆ ಲೆನ್ಸನ್ನು ಜೋಡಿಸಿ, ಅತಿ ಹತ್ತಿರದ ಫೋಕಸಿಗೆ ತಿರುಗಿಸಿ, ಸ್ಕೇಲಿನ ಚಿತ್ರವೊಂದನ್ನು ನೇರವಾಗಿ ತೆಗೆಯಿರಿ. ಚೌಕಟ್ಟಿನಲ್ಲಿ 23 ಅಥವಾ 24 ಮಿ.ಮೀ. ಕಂಡರೆ 1:1 ಎಂಬ ಮಾತು ನಿಜ. 47 ಕಂಡರೆ ಅದು 1:2. ಕ್ಯಾಮರಾವನ್ನು ಅಲ್ಲಾಡಿಸದೆ ಮೂತಿಯಿಂದ ಸ್ಕೇಲಿಗಿರುವ ಅಂತರವನ್ನು ಅಳೆದುಕೊಳ್ಳಿ. ಆಮೇಲೆ ಸ್ಕೇಲನ್ನು 45 ಡಿಗ್ರಿ ಓರೆಯಾಗಿಟ್ಟು ಎಫ್/4, ಎಫ್/8, ಎಫ್/16, ಎಫ್/32ಗಳಲ್ಲಿ ಒಂದೊಂದು ಚಿತ್ರ ತೆಗೆಯಿರಿ. 1:1, ಎಫ್/8ರಲ್ಲಿ ಸ್ಕೇಲಿನ ಮೇಲೆ ಸುಮಾರು 0.9 ಮಿ.ಮೀ. ಉದ್ದ ಸ್ಪಷ್ಟವಾಗಿರಬೇಕು. ಎಫ್/32ರಲ್ಲಿ ಆ ಉದ್ದ ಹಿಗ್ಗುತ್ತದೆ. ಆದರೆ ಗುರುತುಗಳ ಅಂಚನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ ಎಫ್/8ರ ಚೂಪು ಅದಕ್ಕೆ ಎಲ್ಲಿಯೂ ಇರುವುದಿಲ್ಲ.